ಯೆಹೋಷಾಫಾಟ್ ಹರ್ಕಾಬಿ: ಗುಪ್ತಚರ ಕಚೇರಿಯಿಂದ ತರಗತಿಗೆ

ಒಂದು ರಾಜ್ಯವು ತನ್ನ ಎದುರಾಳಿಗಳ ಬಗೆಗಿನ ಸುದ್ದಿಯನ್ನು ಹೇಗೆ ಕಲೆಹಾಕುತ್ತದೆ, ಕಲೆಹಾಕಿದ್ದನ್ನು ಹೇಗೆ ತೂಗಿ ನೋಡುತ್ತದೆ, ತೂಗಿ ನೋಡಿದ್ದನ್ನು ಆಳುವವರ ಕಿವಿಗೆ ಹೇಗೆ ಮುಟ್ಟಿಸುತ್ತದೆ, ಮುಟ್ಟಿಸಿದ ಮೇಲೂ ಅದು ಎಷ್ಟೋ ಸಲ ಏಕೆ ವ್ಯರ್ಥವಾಗುತ್ತದೆ ಎಂಬ ಪ್ರಶ್ನೆಗಳನ್ನು ಪರಿಶೀಲಿಸುವ ವಿದ್ಯಾಶಾಖೆಯನ್ನು ಗುಪ್ತಚರ ಅಧ್ಯಯನ ಎಂದು ಕರೆಯಲಾಗುತ್ತದೆ. ವೇಷ ಮರೆಸಿಕೊಂಡು ಗಡಿ ದಾಟುವ ಬೇಹುಗಾರನ ಸಾಹಸಕ್ಕೆ ಇದರಲ್ಲಿ ಇರುವ ಪಾಲು ಚಿಕ್ಕದು. ಸುದ್ದಿ ತರುವವರಿಗಿಂತ, ಬಂದ ಸುದ್ದಿಗೆ ಅರ್ಥ ಹಚ್ಚುವವರೇ ಇದರ ಮುಖ್ಯ ಪಾತ್ರಧಾರಿಗಳು. ಅವರನ್ನು ವಿಶ್ಲೇಷಕರೆಂದೂ ಅವರು ಕೊಡುವ ಲಿಖಿತ ತೀರ್ಮಾನವನ್ನು ಅಂದಾಜು ಎಂದೂ ಕರೆಯುವುದು ವಾಡಿಕೆ. ಈ ಶಾಖೆಗೆ ಬುನಾದಿ ಹಾಕಿದವರಲ್ಲಿ ಪ್ರಮುಖರು ಯೇಲ್ ವಿಶ್ವವಿದ್ಯಾಲಯದ ಇತಿಹಾಸದ ಅಧ್ಯಾಪಕ ಶೆರ್ಮನ್ ಕೆಂಟ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರಿ ಸೇವೆಗೆ ಹೋಗಿ, 1949ರಲ್ಲಿ ವ್ಯೂಹಾತ್ಮಕ ಗುಪ್ತಚರದ ಕುರಿತು ಗ್ರಂಥ ಪ್ರಕಟಿಸಿ, ಮುಂದೆ ಅಮೆರಿಕದ ರಾಷ್ಟ್ರೀಯ ಅಂದಾಜುಗಳನ್ನು ಸಿದ್ಧಪಡಿಸುವ ಕಚೇರಿಯ ಮುಖ್ಯಸ್ಥರಾದ ಕೆಂಟ್ ಅವರು ಪಾಠಶಾಲೆಯಿಂದ ಗುಪ್ತಚರ ಕಚೇರಿಗೆ ನಡೆದವರು. ಅದೇ ದಾರಿಯನ್ನು ತಿರುಗುಮುರುಗಾಗಿ ನಡೆದವರ ಪೈಕಿ, ಎಂದರೆ ಸೇನಾ ಗುಪ್ತಚರದ ಅತ್ಯುನ್ನತ ಹುದ್ದೆಯಿಂದ ಇಳಿದು ಅಧ್ಯಾಪಕರಾದವರ ಪೈಕಿ, ಇಸ್ರೇಲಿನ ಮೇಜರ್ ಜನರಲ್ ಯೆಹೋಷಾಫಾಟ್ ಹರ್ಕಾಬಿ ಅವರ ಬದುಕು ಹೆಚ್ಚಿನ ಗಮನಕ್ಕೆ ಅರ್ಹವಾಗಿದೆ.

ನಿವೃತ್ತ ಅಧಿಕಾರಿಯೊಬ್ಬರು ಗುಪ್ತಚರ ಪಾಠಕ್ಕೆ ನಿಂತಾಗ ಕೇಳುಗರು ಸಾಮಾನ್ಯವಾಗಿ ನಿರೀಕ್ಷಿಸುವುದು ಒಳಗಿನ ಸಂಗತಿಗಳನ್ನು. ಆದರೆ ಒಳಗಿನ ಸಂಗತಿಗಳನ್ನು ಹೇಳಲು ಕಾನೂನು ಬಿಡದು, ಹೇಳಬಹುದಾದಷ್ಟು ಕಾಲ ಕಳೆಯುವ ಹೊತ್ತಿಗೆ ಅವು ಹಳಸಿರುತ್ತವೆ. ಹಾಗಿದ್ದ ಮೇಲೆ ಅಂಥ ಅಧ್ಯಾಪಕರಿಂದ ವಿದ್ಯೆಗೆ ಸಲ್ಲುವುದಾದರೂ ಏನು ಎಂಬ ಪ್ರಶ್ನೆಗೆ ಹರ್ಕಾಬಿಯವರ ಎರಡನೆಯ ವೃತ್ತಿ ಒಂದು ಉತ್ತರವನ್ನು ಕೊಡುತ್ತದೆ. ಕಚೇರಿಯಲ್ಲಿ ಮುಚ್ಚಿದ ಕಡತದೊಳಗೆ ಉಳಿಯುತ್ತಿದ್ದ ತೀರ್ಮಾನವನ್ನು ಅವರು ಎಲ್ಲರೂ ಓದಿ ಖಂಡಿಸಬಹುದಾದ ಪುಸ್ತಕವಾಗಿ ಬಯಲಿಗೆ ತಂದರು. ಆ ತೀರ್ಮಾನಕ್ಕೆ ಆಧಾರವಾದ ಸಾಕ್ಷ್ಯವನ್ನೂ ಜೊತೆಗೇ ಇಟ್ಟರು. ಕೊನೆಗೆ, ಹದಿನೆಂಟು ವರ್ಷಗಳ ಅಂತರದಲ್ಲಿ, ತಮ್ಮ ತೀರ್ಮಾನವನ್ನು ತಾವೇ ಖಂಡಿಸಿದರು.

1921ರಲ್ಲಿ ಹೈಫಾ ನಗರದಲ್ಲಿ ಹುಟ್ಟಿದ ಹರ್ಕಾಬಿಯವರು ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನೂ ಅರಬ್ಬೀ ಸಾಹಿತ್ಯವನ್ನೂ ಓದಿದವರು, ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯಲ್ಲಿ ಕೆಲಸ ಮಾಡಿದವರು, 1948ರ ಯುದ್ಧದಲ್ಲಿ ಜೆರುಸಲೇಮಿನ ವಿದ್ಯಾರ್ಥಿಗಳ ತುಕಡಿಯೊಂದನ್ನು ಮುನ್ನಡೆಸಿದವರು. 1949ರಲ್ಲಿ ರೋಡ್ಸ್ ದ್ವೀಪದಲ್ಲಿ ನಡೆದ ಕದನವಿರಾಮ ಮಾತುಕತೆಗಳಿಗೂ, ಜೋರ್ಡಾನಿನ ದೊರೆ ಅಬ್ದುಲ್ಲಾ ಅವರೊಡನೆ ಗುಟ್ಟಾಗಿ ನಡೆದ ಸಂಧಾನಕ್ಕೂ ಹೋದ ನಿಯೋಗದಲ್ಲಿ ಅವರಿದ್ದರು. ಎದುರಾಳಿಯನ್ನು ನಕ್ಷೆಯ ಮೇಲೆ ಮಾತ್ರವಲ್ಲದೆ ಮೇಜಿನ ಆಚೆ ಬದಿಯಲ್ಲಿಯೂ ಕಂಡಿದ್ದರೆಂಬುದು ಅವರ ಮುಂದಿನ ಬರಹವನ್ನು ಓದುವಾಗ ನೆನಪಿನಲ್ಲಿಡತಕ್ಕ ಸಂಗತಿ. 1954ರಲ್ಲಿ ಈಜಿಪ್ಟಿನಲ್ಲಿ ಇಸ್ರೇಲಿನ ಗುಪ್ತ ಜಾಲವೊಂದು ಸಿಕ್ಕಿಬಿದ್ದು, ಅದಕ್ಕೆ ಆಜ್ಞೆ ಕೊಟ್ಟವರು ಯಾರೆಂಬ ವಿವಾದ ಎದ್ದು, ಸೇನಾ ಗುಪ್ತಚರ ಮುಖ್ಯಸ್ಥರು ಸ್ಥಾನ ಕಳೆದುಕೊಂಡ ಮೇಲೆ, ಆ ಹೊಣೆ 1955ರಲ್ಲಿ ಇನ್ನೂ ಮೂವತ್ತರ ಹರೆಯದಲ್ಲಿದ್ದ ಹರ್ಕಾಬಿಯವರ ಹೆಗಲೇರಿತು. ಅವರ ಅಧಿಕಾರಾವಧಿಯ ನಡುವೆಯೇ 1956ರ ಸೂಯೆಜ್ ಯುದ್ಧ ಬಂದು ಹೋಯಿತು.

ಆ ಅಧಿಕಾರ ಮುಗಿದ ರೀತಿ ಮಾತ್ರ ಯಾರೂ ಎಣಿಸಿದಂತಿರಲಿಲ್ಲ. 1959ರ ಏಪ್ರಿಲ್ 1ರಂದು, ಮೀಸಲು ಸೈನಿಕರನ್ನು ತುರ್ತಾಗಿ ಕರೆಸಿಕೊಳ್ಳುವ ವ್ಯವಸ್ಥೆಯ ತಾಲೀಮಿಗಾಗಿ ಸಂಕೇತಪದಗಳನ್ನು ಆಕಾಶವಾಣಿಯಲ್ಲಿ ಬಿತ್ತರಿಸಲಾಯಿತು. ಮೀಸಲು ಸೈನಿಕರೆಂದರೆ ನಾಗರಿಕ ಜೀವನ ನಡೆಸುತ್ತಿದ್ದು ಕರೆ ಬಂದಾಗ ಸಮವಸ್ತ್ರ ತೊಡುವವರು. ಇಸ್ರೇಲಿನ ಸೇನಾಬಲದ ಬಹುಪಾಲು ಅವರೇ ಆಗಿದ್ದುದರಿಂದ ಅವರನ್ನು ಕರೆಯುವುದೆಂದರೆ ಯುದ್ಧಕ್ಕೆ ಸಿದ್ಧರಾಗುವುದೆಂದೇ ಲೆಕ್ಕ. ಇದು ತಾಲೀಮು ಎಂಬುದು ಜನರಿಗೆ ಸರಿಯಾಗಿ ತಿಳಿಯದೆ ದೇಶದೊಳಗೆ ಗಾಬರಿ ಹಬ್ಬಿತು, ನೆರೆಯ ಅರಬ್ ರಾಷ್ಟ್ರಗಳು ತಮ್ಮ ಸೇನೆಗಳನ್ನು ಎಚ್ಚರಿಸಿದವು. ಬಿತ್ತರಗೊಂಡ ಪದಗಳಲ್ಲೊಂದು ನೀರಹಕ್ಕಿಯ ಹೆಸರಾಗಿದ್ದುದರಿಂದ ಪ್ರಸಂಗಕ್ಕೆ ‘ಬಾತುಕೋಳಿಗಳ ರಾತ್ರಿ’ ಎಂಬ ಹೆಸರು ಅಂಟಿತು. ಪ್ರಧಾನಿ ಬೆನ್-ಗುರಿಯನ್ ಅವರು ಸೇನಾ ಕಾರ್ಯಾಚರಣೆಯ ಮುಖ್ಯಸ್ಥರನ್ನೂ ಗುಪ್ತಚರ ಮುಖ್ಯಸ್ಥರನ್ನೂ ಒಟ್ಟಿಗೆ ಸ್ಥಾನದಿಂದ ಇಳಿಸಿದರು. ಹರ್ಕಾಬಿಯವರ ಜಾಗಕ್ಕೆ ಬಂದವರು ಮುಂದೊಮ್ಮೆ ಆ ದೇಶದ ಅಧ್ಯಕ್ಷರಾಗಲಿದ್ದ ಹೈಮ್ ಹರ್ಜೋಗ್.

ಇಲ್ಲಿ ತುಸು ನಿಲ್ಲಬೇಕು, ಏಕೆಂದರೆ ಇದೇ ಪ್ರಸಂಗದ ತದ್ವಿರುದ್ಧ ರೂಪ ಹದಿನಾಲ್ಕು ವರ್ಷಗಳ ನಂತರ ಅದೇ ದೇಶದಲ್ಲಿ ನಡೆಯಿತು. 1959ರಲ್ಲಿ ತಾಲೀಮನ್ನು ಯುದ್ಧವೆಂದು ತಿಳಿಯಲಾಯಿತು. 1973ರ ಅಕ್ಟೋಬರಿನಲ್ಲಿ ಯುದ್ಧಸಿದ್ಧತೆಯನ್ನು ತಾಲೀಮೆಂದು ತಿಳಿಯಲಾಯಿತು. ಈಜಿಪ್ಟ್ ತನ್ನ ವಾರ್ಷಿಕ ಶರತ್ಕಾಲದ ಸೇನಾ ಅಭ್ಯಾಸದ ಮರೆಯಲ್ಲಿ ಸೂಯೆಜ್ ಕಾಲುವೆಯ ದಡಕ್ಕೆ ಸೇನೆಯನ್ನೂ ಸೇತುವೆ ಕಟ್ಟುವ ಸಾಮಗ್ರಿಯನ್ನೂ ತಂದು ನಿಲ್ಲಿಸಿದಾಗ, ಅದೆಲ್ಲ ಇಸ್ರೇಲಿನ ಕಣ್ಣಿಗೆ ಬೀಳದೆ ಇರಲಿಲ್ಲ. ಆದರೆ ದೂರದ ನೆಲೆಗಳನ್ನು ಹೊಡೆಯಬಲ್ಲ ವಿಮಾನಗಳು ಮತ್ತು ಕ್ಷಿಪಣಿಗಳು ಕೈಗೆ ಬರುವ ತನಕ ಈಜಿಪ್ಟ್ ಯುದ್ಧಕ್ಕಿಳಿಯದು, ಈಜಿಪ್ಟಿನ ಜೊತೆಯಿಲ್ಲದೆ ಸಿರಿಯಾ ಒಂಟಿಯಾಗಿ ಇಳಿಯದು ಎಂಬ ಪೂರ್ವಗ್ರಹಿಕೆಯೊಂದು ಸೇನಾ ಗುಪ್ತಚರದಲ್ಲಿ ಬೇರೂರಿದ್ದರಿಂದ ಕಂಡದ್ದೆಲ್ಲ ಆ ಗ್ರಹಿಕೆಯ ಅಚ್ಚಿಗೆ ತಕ್ಕಂತೆ ಅರ್ಥ ಪಡೆಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಇಂಥದೇ ಎಚ್ಚರಿಕೆಗೆ ಓಗೊಟ್ಟು ಹಣ ವೆಚ್ಚಮಾಡಿ ಸಿದ್ಧತೆ ಮಾಡಿಕೊಂಡಾಗ ಯುದ್ಧ ಬಂದಿರಲಿಲ್ಲವೆಂಬ ನೆನಪೂ ಸಂಶಯವಾದಿಗಳ ಪರವಾಗಿತ್ತು. ಅಕ್ಟೋಬರ್ 6ರ ಮಧ್ಯಾಹ್ನ ಆರಂಭವಾದ ಆ ಯುದ್ಧದಲ್ಲಿ ಇಸ್ರೇಲಿನ ಕಡೆಯಲ್ಲಿಯೇ ಎರಡೂವರೆ ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು. ಸರ್ವೋಚ್ಚ ನ್ಯಾಯಾಲಯದ ಅಧ್ಯಕ್ಷ ಶಿಮೋನ್ ಅಗ್ರನಾಟ್ ಅವರ ನೇತೃತ್ವದ ವಿಚಾರಣಾ ಆಯೋಗವು 1974ರ ಏಪ್ರಿಲ್ 1ರಂದು, ಅಂದರೆ ಕಾಕತಾಳೀಯವಾಗಿ ಬಾತುಕೋಳಿಗಳ ರಾತ್ರಿಯ ಹದಿನೈದನೆಯ ವಾರ್ಷಿಕ ದಿನದಂದೇ, ಮಧ್ಯಂತರ ವರದಿ ಕೊಟ್ಟು ಸೇನೆಯ ಮುಖ್ಯಸ್ಥರನ್ನೂ ಗುಪ್ತಚರ ಮುಖ್ಯಸ್ಥರನ್ನೂ ಹೊಣೆಗಾರರನ್ನಾಗಿ ಮಾಡಿತು.

ಮುನ್ನೆಚ್ಚರಿಕೆಯ ಸಮಸ್ಯೆ ಎಂದು ಪಠ್ಯಪುಸ್ತಕಗಳಲ್ಲಿ ಹೆಸರಾದ ವಿಷಯದ ತಿರುಳು ಈ ಎರಡು ಘಟನೆಗಳ ನಡುವೆ ಇದೆ. ಪರ್ಲ್ ಹಾರ್ಬರ್ ದಾಳಿಯನ್ನು ಕುರಿತು 1962ರಲ್ಲಿ ಪ್ರಕಟವಾದ ಗ್ರಂಥದಲ್ಲಿ ರಾಬರ್ಟಾ ವೋಲ್‌ಸ್ಟೆಟರ್ ಅವರು ಸೂಚನೆ ಮತ್ತು ಗದ್ದಲ ಎಂಬ ಭೇದವನ್ನು ಮುಂದಿಟ್ಟಿದ್ದರು. ಸೂಚನೆಯೆಂದರೆ ಬರಲಿರುವ ದಾಳಿಗೆ ನಿಜವಾಗಿ ಸಂಬಂಧಿಸಿದ ಸುಳಿವು, ಗದ್ದಲವೆಂದರೆ ಅದರ ಸುತ್ತ ಸೇರಿಕೊಂಡು ಅದನ್ನು ಮುಚ್ಚಿಹಾಕುವ ಅಸಂಬದ್ಧ ಸುದ್ದಿಗಳ ರಾಶಿ. ಘಟನೆ ನಡೆದ ಮೇಲೆ ಸೂಚನೆಗಳನ್ನು ಆರಿಸಿ ತೆಗೆಯುವುದು ಯಾರಿಗೂ ಸುಲಭ. ನಡೆಯುವ ಮುನ್ನ ಎರಡೂ ಒಂದೇ ಬಣ್ಣದಲ್ಲಿ ಕಾಣುತ್ತವೆ. 1978ರಲ್ಲಿ ರಿಚರ್ಡ್ ಬೆಟ್ಸ್ ಅವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗುಪ್ತಚರ ವೈಫಲ್ಯಗಳನ್ನು ಸಂಘಟನೆಯ ಸುಧಾರಣೆಯಿಂದ ಪೂರ್ಣವಾಗಿ ತಪ್ಪಿಸಲಾಗದೆಂದು ವಾದಿಸಿದರು. ಒಂದು ದಿಕ್ಕಿನ ತಪ್ಪಿಗೆ ಮದ್ದು ಮಾಡಿದರೆ ಇನ್ನೊಂದು ದಿಕ್ಕಿನ ತಪ್ಪು ಹೆಚ್ಚುತ್ತದೆ. ಪ್ರತಿ ಸುಳಿವಿಗೂ ಎಚ್ಚರಿಕೆ ಕೊಡುವ ಕಚೇರಿಯನ್ನು ನಾಲ್ಕನೆಯ ಸಲಕ್ಕೆ ಯಾರೂ ನಂಬುವುದಿಲ್ಲ. ಇಂಥ ತಪ್ಪಿನ ಒಂದು ಬಗೆಗೆ ಹುದ್ದೆಯನ್ನೇ ತೆತ್ತು, ಇನ್ನೊಂದು ಬಗೆಯನ್ನು ಹೊರಗಿನಿಂದ ಕಂಡವರಾಗಿದ್ದರಿಂದ ಹರ್ಕಾಬಿಯವರಿಗೆ ಈ ವಾದವನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಸ್ಥಾನ ಕಳೆದುಕೊಂಡ ಮೇಲೆ ಹರ್ಕಾಬಿಯವರು ಹಿಡಿದ ದಾರಿ ಓದಿನದು. ಹಾರ್ವರ್ಡಿನಲ್ಲಿ ಸಾರ್ವಜನಿಕ ಆಡಳಿತವನ್ನು ಓದಿ, ಅಣ್ವಸ್ತ್ರ ಯುಗದ ಯುದ್ಧನೀತಿಯ ಮೇಲೆ ಪುಸ್ತಕ ಬರೆದು, ತಾವು ಮೊದಲು ಓದಿದ ಹೀಬ್ರೂ ವಿಶ್ವವಿದ್ಯಾಲಯಕ್ಕೇ ಸಂಶೋಧಕರಾಗಿ ಮರಳಿ, ಅರಬ್-ಇಸ್ರೇಲ್ ಸಂಘರ್ಷದಲ್ಲಿ ಅರಬ್ಬರ ನಿಲುವು ಎಂಬ ವಿಷಯದ ಮೇಲೆ ಡಾಕ್ಟರೇಟ್ ಪ್ರಬಂಧ ಸಿದ್ಧಪಡಿಸಿದರು. ಮುಂದೆ ಅಲ್ಲಿಯೇ ಅಂತಾರಾಷ್ಟ್ರೀಯ ಸಂಬಂಧಗಳ ಪ್ರಾಧ್ಯಾಪಕರಾದರು. ಹೀಬ್ರೂವಿನಲ್ಲಿ 1968ರಲ್ಲಿಯೂ ಇಂಗ್ಲಿಷಿನಲ್ಲಿ 1972ರಲ್ಲಿಯೂ ಹೊರಬಂದ ಆ ಪ್ರಬಂಧವು ವಿಧಾನದ ದೃಷ್ಟಿಯಿಂದ ಗುಪ್ತಚರ ಅಂದಾಜಿನ ದಾಯಾದಿಯೇ ಸರಿ, ಆದರೆ ಒಂದು ವ್ಯತ್ಯಾಸದೊಡನೆ. ಅದರಲ್ಲಿ ಬಳಸಿದ ಸಾಮಗ್ರಿ ಅರಬ್ ದೇಶಗಳ ಪುಸ್ತಕ, ಪತ್ರಿಕೆ, ಭಾಷಣ, ಶಾಲಾಪಠ್ಯಗಳಂಥ, ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ಯಾರಿಗಾದರೂ ಸಿಗಬಹುದಾದ ಬರಹ. ಇಂಥ ಸಾಮಗ್ರಿಯನ್ನು ಇಂದು ಮುಕ್ತ ಮೂಲಗಳೆಂದು ಕರೆಯುತ್ತಾರೆ. ಅವುಗಳ ವಿಶ್ಲೇಷಣೆ ಈಗ ಗುಪ್ತಚರ ತರಗತಿಗಳಲ್ಲಿ ಮೊದಲ ಪಾಠವಾಗಿದ್ದರೂ, ಕದ್ದು ತಂದ ಕಾಗದಕ್ಕೆ ಮಾತ್ರ ಬೆಲೆ ಕೊಡುವ ಕಚೇರಿಗಳ ಹಳೆಯ ಚಟ ಪೂರ್ತಿ ಬಿಟ್ಟುಹೋಗಿಲ್ಲ.

ಎದುರಾಳಿ ಬಹಿರಂಗವಾಗಿ ಆಡುವ ಮಾತನ್ನು ಪ್ರಚಾರವೆಂದು ತಳ್ಳಿಹಾಕುವುದು ಸೋಮಾರಿತನ ಎಂಬುದು ಆ ಗ್ರಂಥದ ನಿಲುವು. ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆಯ ರಾಷ್ಟ್ರೀಯ ಸನ್ನದನ್ನು, ಅಂದರೆ 1964ರಲ್ಲಿ ರಚಿತವಾಗಿ 1968ರಲ್ಲಿ 33 ವಿಧಿಗಳಾಗಿ ತಿದ್ದಲ್ಪಟ್ಟ ಧ್ಯೇಯಪತ್ರವನ್ನು, ಅವರು ವಿಧಿವಿಧಿಯಾಗಿ ಬಿಡಿಸಿ ಟಿಪ್ಪಣಿ ಬರೆದರು. ಸಂಸ್ಕೃತದ ಭಾಷ್ಯಕಾರರು ಸೂತ್ರವನ್ನು ಹಿಡಿದಂತೆ ಹಿಡಿದ ಆ ವ್ಯಾಖ್ಯಾನದಿಂದ ಹೊರಟ ತೀರ್ಮಾನ, ಇಸ್ರೇಲಿನ ಅಸ್ತಿತ್ವವನ್ನೇ ಎದುರಾಳಿಗಳು ಒಪ್ಪುವುದಿಲ್ಲ ಎಂಬುದಾಗಿತ್ತು. ಆ ಕಾಲದ ಇಸ್ರೇಲಿನಲ್ಲಿ ಕಠಿಣ ನೀತಿಯನ್ನು ಬಯಸುವವರಿಗೆ ಇದಕ್ಕಿಂತ ಗಟ್ಟಿಯಾದ ಪ್ರಮಾಣಗ್ರಂಥ ಬೇಕಾಗಿರಲಿಲ್ಲ. ಗ್ರಂಥದ ಬಲ ಯಾವುದೋ ದೌರ್ಬಲ್ಯವೂ ಅದರಲ್ಲಿಯೇ ಇತ್ತು. ಎದುರಾಳಿಯ ಮಾತನ್ನು ಅಕ್ಷರಶಃ ಗಂಭೀರವಾಗಿ ತೆಗೆದುಕೊಳ್ಳುವ ವಿಧಾನ, ಆಡಿದವನು ಆ ಮಾತಿಗೆ ಎಷ್ಟು ಕಾಲ ಅಂಟಿಕೊಂಡಿರುತ್ತಾನೆ, ಸೋಲು, ವೆಚ್ಚ, ಮಿತ್ರರ ಒತ್ತಡಗಳು ಅವನನ್ನು ಯಾವಾಗ ಬೇರೆಡೆಗೆ ತಿರುಗಿಸುತ್ತವೆ ಎಂಬ ಪ್ರಶ್ನೆಗೆ ತಾನಾಗಿ ಉತ್ತರ ಕೊಡುವುದಿಲ್ಲ.

ಆ ಪ್ರಶ್ನೆಯನ್ನು 1973ರ ಯುದ್ಧವೂ, 1977ರ ನವೆಂಬರಿನಲ್ಲಿ ಈಜಿಪ್ಟಿನ ಅಧ್ಯಕ್ಷ ಸಾದಾತ್ ಅವರು ಜೆರುಸಲೇಮಿಗೆ ಬಂದಿಳಿದು ಶಾಸನಸಭೆಯಲ್ಲಿ ಮಾತನಾಡಿದ ಘಟನೆಯೂ ತಪ್ಪಿಸಿಕೊಳ್ಳಲಾಗದಂತೆ ಮುಂದೆ ತಂದು ನಿಲ್ಲಿಸಿದವು. 1970ರ ದಶಕದಲ್ಲಿ ಪ್ರಧಾನಿಯ ಗುಪ್ತಚರ ಸಲಹೆಗಾರರಾಗಿಯೂ ಕೆಲಕಾಲ ದುಡಿದ ಹರ್ಕಾಬಿಯವರು ದಶಕದ ಕೊನೆಗೆ ಹೊಸ ನಿಲುವಿಗೆ ಬಂದಿದ್ದರು. 1986ರಲ್ಲಿ ಹೀಬ್ರೂವಿನಲ್ಲಿ ಬಂದು 1988ರಲ್ಲಿ ಇಂಗ್ಲಿಷಿಗೆ ಹೋದ ಪುಸ್ತಕದಲ್ಲಿ ಅವರು ಮಹದಾಶಯ ಮತ್ತು ಕಾರ್ಯನೀತಿ ಎಂಬ ಎರಡನ್ನು ಬಿಡಿಸಿ ನೋಡುತ್ತಾರೆ. ಮಹದಾಶಯವೆಂದರೆ ಒಂದು ಪಕ್ಷವು ಕಾಲದ ಮಿತಿಯಿಲ್ಲದೆ ಹಂಬಲಿಸುವ ಅಂತಿಮ ಸ್ಥಿತಿ. ಕಾರ್ಯನೀತಿಯೆಂದರೆ ಇರುವ ಬಲದಲ್ಲಿ, ಇರುವ ಸನ್ನಿವೇಶದಲ್ಲಿ ಅದು ನಿಜವಾಗಿ ಮಾಡಲು ಒಪ್ಪುವ ಕೆಲಸ. ಎರಡೂ ಕಡೆಯವರಿಗೆ ಇಡೀ ನೆಲದ ಮೇಲಿನ ಮಹದಾಶಯ ಇರಬಹುದು, ಅದು ಮನಸ್ಸಿನಲ್ಲಿ ಉಳಿದುಕೊಂಡೇ ಕಾರ್ಯನೀತಿಯಲ್ಲಿ ರಾಜಿಯೂ ಸಾಧ್ಯವಾಗಬಹುದು. ಆದುದರಿಂದ ಪ್ಯಾಲೆಸ್ತೀನ್ ಸಂಘಟನೆಯೊಡನೆ ಮಾತುಕತೆ ನಡೆಸಿ, ಆಕ್ರಮಿತ ನೆಲವನ್ನು ಬಿಟ್ಟುಕೊಡುವುದೇ ಇಸ್ರೇಲಿನ ಸ್ವಂತ ಹಿತಕ್ಕೆ ಒಳ್ಳೆಯದು ಎಂಬುದು ಅವರ ವಾದ. ಹಳೆಯ ಸಾಕ್ಷ್ಯವನ್ನು ಅವರು ಸುಳ್ಳೆನ್ನಲಿಲ್ಲ. ಸನ್ನದಿನ ವಿಧಿಗಳು ಹೇಳುತ್ತಿದ್ದುದು ಮಹದಾಶಯವನ್ನು. ಅದರಿಂದ ಕಾರ್ಯನೀತಿಯನ್ನು ನೇರವಾಗಿ ಊಹಿಸಿದ ಹೆಜ್ಜೆಯನ್ನು ಮಾತ್ರ ಅವರು ಹಿಂದೆಗೆದುಕೊಂಡರು. ಎದುರಾಳಿಯ ಮೇಲಿನ ಮಮತೆಯಿಂದಲ್ಲದೆ ತಣ್ಣನೆಯ ಲೆಕ್ಕಾಚಾರದಿಂದ ಈ ತೀರ್ಮಾನಕ್ಕೆ ಬಂದುದರಿಂದ ತಮ್ಮನ್ನು ಮೆಕಿಯಾವೆಲ್ಲಿಯ ಜಾತಿಯ ಪಾರಿವಾಳವೆಂದು ಅವರು ಬಣ್ಣಿಸಿಕೊಂಡದ್ದೂ ಉಂಟು. ಅದೇ ವ್ಯಕ್ತಿ ಸೇವೆಯಲ್ಲಿದ್ದಿದ್ದರೆ ಈ ತಿದ್ದುಪಡಿ ಹೊಸ ಕಡತವೊಂದರಲ್ಲಿ ಸೇರಿ, ಹಳೆಯ ಕಡತವು ಸದ್ದಿಲ್ಲದೆ ಕಪಾಟಿಗೆ ಹೋಗುತ್ತಿತ್ತು. ತರಗತಿಯಲ್ಲಿ ಕುಳಿತ ವಿದ್ಯಾರ್ಥಿಗೆ 1968ರ ಗ್ರಂಥವನ್ನೂ 1986ರ ಗ್ರಂಥವನ್ನೂ ಪಕ್ಕಪಕ್ಕದಲ್ಲಿಟ್ಟು, ಯಾವ ಸಾಕ್ಷ್ಯಕ್ಕೆ ಯಾವ ತೂಕ ಬಂತು, ಏಕೆ ಬಂತು ಎಂದು ಕೇಳುವ ಹಕ್ಕು ದೊರಕಿತು.

ಇವೆರಡರ ನಡುವೆ ಬಂದ ಇನ್ನೊಂದು ಪುಸ್ತಕ ಹರ್ಕಾಬಿಯವರಿಗೆ ಹೆಚ್ಚಿನ ವಿರೋಧಿಗಳನ್ನು ಗಳಿಸಿಕೊಟ್ಟಿತು. ಕ್ರಿ.ಶ. 132ರಿಂದ 135ರವರೆಗೆ ರೋಮನ್ ಸಾಮ್ರಾಜ್ಯದ ವಿರುದ್ಧ ಬಾರ್ ಕೋಖ್ಬಾ ಎಂಬ ನಾಯಕ ನಡೆಸಿದ ಯೆಹೂದಿ ದಂಗೆಯನ್ನು ಆಧುನಿಕ ಇಸ್ರೇಲ್ ವೀರಗಾಥೆಯಾಗಿ ಕೊಂಡಾಡುತ್ತ ಬಂದಿತ್ತು. ಆ ದಂಗೆಯ ಫಲ ಜೂಡಿಯಾ ಪ್ರಾಂತದ ಸರ್ವನಾಶ. ಸತ್ತವರ ಸಂಖ್ಯೆಯನ್ನು ರೋಮನ್ ಇತಿಹಾಸಕಾರ ಡಿಯೋ 5,80,000 ಎಂದು ಕೊಡುತ್ತಾನೆ, ಅದು ಉತ್ಪ್ರೇಕ್ಷೆಯೆಂದರೂ ವಿನಾಶದ ಪ್ರಮಾಣ ಸಣ್ಣದಲ್ಲ. ವಾಸ್ತವದ ಅಳತೆಯಿಲ್ಲದ ಧೈರ್ಯವನ್ನು ಮೆಚ್ಚುವ ಜನಾಂಗ ವಾಸ್ತವದ ಅಳತೆಯಿಲ್ಲದ ನೀತಿಯನ್ನೂ ಮೆಚ್ಚುತ್ತದೆ ಎಂದು ಹರ್ಕಾಬಿಯವರು ವಾದಿಸಿದರು. ಸೇನಾ ಗುಪ್ತಚರದ ಮೂಲ ಪಾಠವಾದ ಸಾಮರ್ಥ್ಯದ ಅಂದಾಜನ್ನು, ಅಂದರೆ ನಮ್ಮ ಬಲವೆಷ್ಟು, ಎದುರಾಳಿಯ ಬಲವೆಷ್ಟು ಎಂಬ ಲೆಕ್ಕವನ್ನು, ಹತ್ತೊಂಬತ್ತು ಶತಮಾನಗಳಷ್ಟು ಹಿಂದಿನ ಘಟನೆಗೆ ಅನ್ವಯಿಸಿದ ಈ ಚರ್ಚೆಗೆ ಒಂದು ವಿಚಿತ್ರ ಹಿನ್ನೆಲೆಯಿದೆ. ಬಾರ್ ಕೋಖ್ಬಾನ ಪತ್ರಗಳನ್ನು 1960-61ರ ಹೊತ್ತಿಗೆ ಮೃತ ಸಮುದ್ರದ ಬಳಿಯ ಗುಹೆಯಲ್ಲಿ ಹುಡುಕಿ ತೆಗೆದು ಆ ಹೆಸರಿಗೆ ಹೊಸ ಪ್ರಭೆ ತಂದುಕೊಟ್ಟ ಪುರಾತತ್ತ್ವಜ್ಞ ಯಿಗಾಯೆಲ್ ಯಾದಿನ್ ಅವರೂ ಸೇನೆಯಿಂದ ಬಂದವರೇ. ಸೇನಾ ಮುಖ್ಯಸ್ಥರಾಗಿದ್ದು ನಿವೃತ್ತರಾಗಿ ಅದೇ ಹೀಬ್ರೂ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದವರು, 1949ರ ಸಂಧಾನಗಳಲ್ಲಿ ಹರ್ಕಾಬಿಯವರೊಡನೆ ಭಾಗವಹಿಸಿದವರು. ಆ ಗುಹಾಪ್ರದೇಶದಲ್ಲಿ ದೊರೆತ ಎಲುಬುಗಳಿಗೆ 1982ರ ಮೇ ತಿಂಗಳಲ್ಲಿ ಸರ್ಕಾರಿ ಗೌರವದೊಡನೆ ಸಮಾಧಿಸಂಸ್ಕಾರ ನಡೆಯಿತು. ಮರುತಿಂಗಳು ಲೆಬನಾನ್ ಯುದ್ಧ ಆರಂಭವಾಯಿತು.

ಇಷ್ಟೆಲ್ಲ ಹೇಳಿದ ಮೇಲೂ ನಿವೃತ್ತ ಅಧಿಕಾರಿ ಅಧ್ಯಾಪಕನಾಗುವುದರಲ್ಲಿ ಅಪಾಯವಿಲ್ಲವೆಂದಲ್ಲ. ಹುದ್ದೆಯಿಂದ ಬಂದ ಅಧಿಕಾರವಾಣಿ ತರಗತಿಯಲ್ಲಿಯೂ ಹಿಂಬಾಲಿಸುತ್ತದೆ. ಮೇಜರ್ ಜನರಲ್ ಎಂಬ ಪದವಿ ಹೆಸರಿನ ಮುಂದೆ ಇರುವಾಗ ಇಪ್ಪತ್ತು ವರ್ಷದ ವಿದ್ಯಾರ್ಥಿ ಎದ್ದು ನಿಂತು ಸಾಕ್ಷ್ಯ ಕೇಳುವುದು ಸುಲಭವಲ್ಲ. ಇಂಥವರ ಪಾಠ ಎರಡು ಕಡೆಗೆ ಜಾರುವುದುಂಟು: ಒಂದೋ ಹಳೆಯ ಸಂಸ್ಥೆಯ ಸಮರ್ಥನೆಯಾಗುತ್ತದೆ, ಇಲ್ಲವೇ ಅಲ್ಲಿ ಆದ ಅವಮಾನಕ್ಕೆ ತಡವಾದ ಉತ್ತರವಾಗುತ್ತದೆ. ಹರ್ಕಾಬಿಯವರ ಬರಹವೂ ಇದರಿಂದ ಪೂರ್ತಿ ಮುಕ್ತವೆಂದು ಹೇಳಲಾಗದು. ಗುಪ್ತಚರ ವಿಭಾಗಕ್ಕೂ ನೀತಿ ರೂಪಿಸುವವರಿಗೂ ನಡುವಿನ ತೊಡಕನ್ನು ಕುರಿತು 1984ರಲ್ಲಿ ಅವರು ಬರೆದ ಪ್ರಬಂಧದಲ್ಲಿ, ಕೇಳಿಸಿಕೊಳ್ಳದ ಆಳುವವರ ಬಗ್ಗೆ ವಿಶ್ಲೇಷಕನಿಗಿರುವ ಅಸಮಾಧಾನದ ಎಳೆ ಕಾಣದೆ ಇರುವುದಿಲ್ಲ. ಆದರೂ ತೊಡಕು ಯಾರೋ ಒಬ್ಬರ ದುರ್ಗುಣದಿಂದ ಹುಟ್ಟಿದ್ದಲ್ಲ, ಆ ಸಂಬಂಧದಲ್ಲಿಯೇ ಇರುವಂಥದು ಎಂಬ ಅರಿವು ಅಲ್ಲಿದೆ.

ಮೂಲಗಳನ್ನು ತೂಗಿ ನೋಡುವ ಪ್ರಶ್ನೆಯಲ್ಲಿ ಕನ್ನಡ ನಾಡಿಗೆ ಒಂದು ನೇರ ಸಂಬಂಧವಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು, ಇಂದು ಜಗತ್ತಿನ ಗುಪ್ತಚರ ಅಧ್ಯಯನದ ಪಠ್ಯಗಳಲ್ಲಿ ಕೌಟಿಲ್ಯನಿಗೆ ದೊರೆತಿರುವ ಸ್ಥಾನ ಆ ಪ್ರಕಟಣೆಯಿಲ್ಲದೆ ಬರುತ್ತಿರಲಿಲ್ಲ. ಮೊದಲ ಅಧಿಕರಣದಲ್ಲಿ ಗೂಢಪುರುಷರ ನೇಮಕವನ್ನು ವಿವರಿಸುವಾಗ, ಮೂವರ ವರದಿ ಒಂದೇ ಆಗಿದ್ದರೆ ನಂಬಬೇಕೆಂದೂ, ಆದರೆ ಚಾರರು ಒಬ್ಬರನ್ನೊಬ್ಬರು ಅರಿಯಬಾರದೆಂದೂ ವಿಧಿಸಲಾಗಿದೆ. ಎರಡನೆಯ ಮಾತಿಲ್ಲದೆ ಮೊದಲನೆಯದಕ್ಕೆ ಬೆಲೆಯಿಲ್ಲ, ಏಕೆಂದರೆ ಒಂದೇ ಬಾಯಿಂದ ಹೊರಟ ಸುದ್ದಿ ಮೂರು ದಾರಿಯಲ್ಲಿ ಬಂದು ಮೂರು ಸಾಕ್ಷಿಯಂತೆ ತೋರಬಹುದು. 1973ರಲ್ಲಿ ಆದದ್ದು ಇದಕ್ಕಿಂತ ಸೂಕ್ಷ್ಮ: ಮೂಲಗಳು ಬೇರೆಬೇರೆಯಾಗಿದ್ದರೂ ಓದುವ ಕಣ್ಣು ಒಂದೇ ಆಗಿತ್ತು. ಚಾರರ ಸ್ವಾತಂತ್ರ್ಯವನ್ನು ವಿಧಿಸಿದ ಶಾಸ್ತ್ರ ವಿಶ್ಲೇಷಕರ ಸ್ವಾತಂತ್ರ್ಯದ ಬಗ್ಗೆ ಅಷ್ಟೇ ಸ್ಪಷ್ಟವಾಗಿ ವಿಧಿಸುವುದಿಲ್ಲ. ಸೇನಾ ಗುಪ್ತಚರದ ಅಂದಾಜೊಂದನ್ನೇ ನೆಚ್ಚಿಕೊಳ್ಳದೆ ವಿದೇಶಾಂಗ ಇಲಾಖೆಯಲ್ಲಿಯೂ ಬೇರೆ ಸಂಶೋಧನಾ ವಿಭಾಗ ಇರಬೇಕೆಂದು ಅಗ್ರನಾಟ್ ಆಯೋಗ ಶಿಫಾರಸು ಮಾಡಿದ್ದು ಈ ಕೊರತೆಗೆ ಪರಿಹಾರವಾಗಿ.

ಅಮೆರಿಕದಲ್ಲಿ ಗುಪ್ತಚರ ಅಧ್ಯಯನ ಸಾಮಾನ್ಯ ಪದವಿ ತರಗತಿಯವರೆಗೆ ಇಳಿದಿದೆ. ಪೆನ್ಸಿಲ್ವೇನಿಯಾದ ಈರಿ ನಗರದ ಮರ್ಸಿಹರ್ಸ್ಟ್ ಎಂಬ ಚಿಕ್ಕ ಕ್ಯಾಥೊಲಿಕ್ ಕಾಲೇಜಿನಲ್ಲಿ ಎಫ್‌ಬಿಐ ನಿವೃತ್ತ ಅಧಿಕಾರಿ ರಾಬರ್ಟ್ ಹೈಬೆಲ್ 1992ರಲ್ಲಿ ಆರಂಭಿಸಿದ ಪಠ್ಯಕ್ರಮ ಇದಕ್ಕೆ ಮಾದರಿಯಾಯಿತು, ಮುಂದೆ ಸೇನೆಯಿಂದ ನಿವೃತ್ತರಾದವರೂ ಅಲ್ಲಿ ಅಧ್ಯಾಪಕರಾದರು. ಭಾರತದಲ್ಲಿ ನಿವೃತ್ತ ಸೇನಾಧಿಕಾರಿಗಳ ಬೌದ್ಧಿಕ ಕೆಲಸ ಹೆಚ್ಚಾಗಿ ನಡೆದಿರುವುದು ವಿಶ್ವವಿದ್ಯಾಲಯಗಳ ಹೊರಗಿನ ಚಿಂತನ ಸಂಸ್ಥೆಗಳಲ್ಲಿ. ಬೆಂಗಳೂರಿನ ತಕ್ಷಶಿಲಾ ಸಂಸ್ಥೆಯಲ್ಲಿ ನಿವೃತ್ತ ಲೆಫ್ಟಿನೆಂಟ್ ಜನರಲ್ ಪ್ರಕಾಶ್ ಮೆನನ್ ಅವರು ವ್ಯೂಹಾತ್ಮಕ ಅಧ್ಯಯನದ ಹೊಣೆ ಹೊತ್ತದ್ದು ಅದಕ್ಕೊಂದು ಉದಾಹರಣೆ. ಇಲ್ಲಿನ ಅಡಚಣೆ ಅಧ್ಯಾಪಕರ ಕೊರತೆಗಿಂತ ಸಾಮಗ್ರಿಯ ಕೊರತೆಯದು. ಅಗ್ರನಾಟ್ ಆಯೋಗದ ಕಡತಗಳು ಹಂತಹಂತವಾಗಿ ಸಾರ್ವಜನಿಕರಿಗೆ ತೆರೆದುಕೊಂಡರೆ, 1962ರ ಚೀನಾ ಯುದ್ಧದ ಸೋಲನ್ನು ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರ್ಕಾರ ಅಧಿಕೃತವಾಗಿ ಬಿಡುಗಡೆ ಮಾಡಿಲ್ಲ. 2021ರಲ್ಲಿ ಕೇಂದ್ರ ನಾಗರಿಕ ಸೇವೆಗಳ ಪಿಂಚಣಿ ನಿಯಮಗಳಿಗೆ ಮಾಡಿದ ತಿದ್ದುಪಡಿಯ ಪ್ರಕಾರ, ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳಿಂದ ನಿವೃತ್ತರಾದವರು ತಮ್ಮ ಸಂಸ್ಥೆಯ ಕಾರ್ಯಕ್ಷೇತ್ರಕ್ಕೆ ಸಂಬಂಧಿಸಿ ಏನನ್ನೇ ಪ್ರಕಟಿಸಬೇಕಾದರೂ ಸಂಸ್ಥೆಯ ಮುಖ್ಯಸ್ಥರ ಪೂರ್ವಾನುಮತಿ ಬೇಕು. ಕಾರ್ಯಕ್ಷೇತ್ರವೆಂಬುದು ಎಲ್ಲಿಯವರೆಗೆ ಹಬ್ಬಿದೆಯೆಂದು ನಿರ್ಧರಿಸುವ ಅಧಿಕಾರವೂ ಅನುಮತಿ ಕೊಡುವವರದೇ ಆದುದರಿಂದ, ಹರ್ಕಾಬಿಯವರ 1968ರ ಗ್ರಂಥದಂತೆ ಕೇವಲ ಮುಕ್ತ ಮೂಲಗಳಿಂದ ಕಟ್ಟಿದ ಅಧ್ಯಯನವೂ ಇಲ್ಲಿ ಆ ಬಾಗಿಲನ್ನು ದಾಟಿಯೇ ಬರಬೇಕಾಗುತ್ತದೆ.

ಸದ್ಯಕ್ಕೆ ಭಾರತೀಯ ತರಗತಿಗೆ ದೊರೆಯುವ ಅತ್ಯುತ್ತಮ ಪಠ್ಯ ಕಾರ್ಗಿಲ್ ಪರಿಶೀಲನಾ ಸಮಿತಿಯ ವರದಿ. ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯಲ್ಲಿ, ನಿವೃತ್ತ ಲೆಫ್ಟಿನೆಂಟ್ ಜನರಲ್ ಕೆ.ಕೆ. ಹಜಾರಿ ಅವರೂ ಸದಸ್ಯರಾಗಿದ್ದ ಆ ಸಮಿತಿಯ ವರದಿ 2000ದಲ್ಲಿ ಸಂಸತ್ತಿನ ಮುಂದೆ ಬಂದು ಪುಸ್ತಕವಾಗಿಯೂ ಅಚ್ಚಾಯಿತು. ಅದರ ಫಲವಾಗಿ ನಡೆದ ಸುಧಾರಣೆಗಳಲ್ಲಿ 2002ರಲ್ಲಿ ರಕ್ಷಣಾ ಗುಪ್ತಚರ ಸಂಸ್ಥೆಯ ಸ್ಥಾಪನೆ ಒಂದು. ಪ್ರಕಟಿತ ಪ್ರತಿಯಲ್ಲಿ ಭದ್ರತೆಯ ಕಾರಣಕ್ಕೆ ತೆಗೆದುಹಾಕಿದ ಭಾಗಗಳಿವೆ. ಯಾವ ಸುಳಿವು ಯಾವ ಕಚೇರಿಯಲ್ಲಿ ನಿಂತುಹೋಯಿತೆಂದು ಉಳಿದ ಪುಟಗಳಿಂದ ಬಿಡಿಸಿಕೊಳ್ಳಬೇಕಾದ ವಿದ್ಯಾರ್ಥಿಗೆ, ಅಪೂರ್ಣ ಸಾಕ್ಷ್ಯದಿಂದ ಅಂದಾಜು ಮಾಡುವ ಅಭ್ಯಾಸ ಆ ಪುಸ್ತಕದ ಓದಿನಿಂದಲೇ ಆರಂಭವಾಗುತ್ತದೆ.